ಎಳೆಯದೇ ಬೇಕು

ಗುರುಪಾದನ ಅಂಗಡಿಯಲ್ಲಿ ಕಾರ್ತಿಕದಲ್ಲೂ ಮಾವಿನಹಣ್ಣು ಸಿಗುತ್ತಿತ್ತು. ಅವನ ಹೂಕೋಸಿನ ಬಿಳುಪಿಗೆ ಬೀದಿದೀಪವೇ ನಾಚಿ ಆರಿಹೋಗುತ್ತಿತ್ತು. ಇಲ್ಲದ್ದು ಹೆಂಡತಿ ಮಾತ್ರ. ನೂರು ಸಂಬಂಧ ತಪ್ಪಿದ ಮೇಲೆ ಒಬ್ಬ ಹುಡುಗಿ ಒಪ್ಪಿದ್ದಳು. ಅವಳ ಅಜ್ಜಿಯೂ ಹೂಂ ಅನ್ನಬೇಕಿತ್ತು. ಮೊಮ್ಮಗಳ ಜೊತೆ ಅಜ್ಜಿ ನೇರ ಅಂಗಡಿಗೇ ಬಂದರು.

ಕಲ್ಲಂಗಡಿ ತಟ್ಟಿದರು; ಆ ಸದ್ದಿಗೆ ಮೂರು ಬೀದಿಯ ನಾಯಿಗಳು ಎದ್ದು ನಿಂತವು.

"ಚೆನ್ನಾಗೈತೆ."

ಮಾವು ಮೂಸಿದರು. "ಇದೂ ಚೆನ್ನಾಗೈತೆ. ಕಾಲ ಅಲ್ದ ಕಾಲ್ದಾಗೆ ಎಲ್ಲಿಂದ ತಂದ್ಯಪ್ಪಾ?"

"ನಮ್ಮಲ್ಲಿ ಕಾಲಗೀಲ ಇಲ್ಲ ಅಜ್ಜಿ, ವರ್ಷವೆಲ್ಲಾ ತಾಜಾ!" ಗುರುಪಾದ ಎದೆಯುಬ್ಬಿಸಿದ.

"ನೀನೂನಾ?"

"ನಾನೂನೂವೆ! ಬೇಕಾದ್ರೆ ನೋಡ್ಕೊಳ್ಳಿ."

ಅಜ್ಜಿ ಅವನ ಕಿರುಬೆರಳು ಹಿಡಿದು, ಬೆಂಡೆಕಾಯಿಯ ತುದಿ ಮುರಿದು ನೋಡುವಂತೆ ಬಗ್ಗಿಸಿದರು. ಬೆರಳು ಬಾಗಿತೇ ಹೊರತು ಚಟಕ್ಕನೆ ಮುರಿಯಲಿಲ್ಲ.

"ಬಲಿತೋಗವ್ನೆ. ನಡಿಯೇ ಮಗಾ, ಬೇರೆ ಅಂಗಡಿ ನೋಡಾನ."