ಸಾರಿಸಿದ ಕಾಂಕ್ರೀಟು

ಇಡೀ ಬಕೆಟ್ ನೀರು ಸುರಿದರೂ ಒಂದು ತೊಟ್ಟೂ ಕೆಳಗಿಳಿಯಲಿಲ್ಲ. ಷಡಕ್ಷರಪ್ಪನವರು ಬರಿದಾದ ಬಕೆಟ್ ಹಿಡಿದುಕೊಂಡು ತಮ್ಮದೇ ಗೇಟಿನ ಮುಂದೆ ಪೆಚ್ಚಾಗಿ ನಿಂತರು. ನೀರು ಕಾಂಕ್ರೀಟಿನ ಮೇಲೆ ಆರಾಮವಾಗಿ ಮೈಚಾಚಿ ಮಲಗಿತ್ತು. ಅದು ನೀರು ಕುಡಿಯಬೇಕಾಗಿದ್ದ ಕಾಂಕ್ರೀಟು. ಕುಡಿಯುವುದನ್ನು ತೋರಿಸುವುದಕ್ಕೆಂದೇ ರಸ್ತೆ ಕೆಲಸದ ಇಂಜಿನಿಯರ್ ಮಲ್ಲೇಶನ ಬೆನ್ನು ಬಿದ್ದು ಅವನನ್ನು ವಿನೋಬನಗರಕ್ಕೆ ಕರೆತಂದಿದ್ದರು.

ಭದ್ರಾವತಿಯ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದ ಷಡಕ್ಷರಪ್ಪನವರಿಗೆ ಈಗ ಒಂದೇ ಹುಚ್ಚು. ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಕಿಟ್ಟವನ್ನು ಪುಡಿಮಾಡಿ ಅರ್ಧ ಸಿಮೆಂಟಿನ ಬದಲು ಸೇರಿಸುವುದು, ಮರಳು ಬಿಟ್ಟು ಬರೀ ಜಲ್ಲಿಯಲ್ಲಿ ಕಾಂಕ್ರೀಟು ಕಲಸುವುದು. ನೋಡಲಿಕ್ಕೆ ಮಂಡಕ್ಕಿ ಉಂಡೆಯ ಹಾಗೆ ತೂತು ತೂತು. ಮಳೆ ಬಿದ್ದರೆ ನೀರು ಸೀದಾ ನೆಲಕ್ಕೆ. ಅದರ ನಮೂನೆಯನ್ನೇ ತಮ್ಮ ಗೇಟಿನ ಮುಂದೆ ಹಾಕಿದ್ದರು. ಹುಚ್ಚಿಗೆ ಕಾರಣ ಗೇಟಿನ ಪಕ್ಕದ ಹೊಂಗೆ ಮರ, ಗೃಹಪ್ರವೇಶದ ವರ್ಷ ಹೆಂಡತಿ ದಾಕ್ಷಾಯಣಮ್ಮ ನೆಟ್ಟದ್ದು. ಹಿಂದಿನ ಕ್ರಾಸಿನಲ್ಲಿ ಬುಡದವರೆಗೂ ಮಾಮೂಲಿ ಕಾಂಕ್ರೀಟು ಬಳಿದ ಮೇಲೆ ಅಲ್ಲಿನ ಮರ ಬಾಯಾರಿ ಸತ್ತಿತ್ತು. ಮುಂದಿನ ಸರದಿ ಈ ಬೀದಿಯದು. ಇವತ್ತು ಇಂಜಿನಿಯರ್ ಹೂಂ ಅಂದರೆ ಬೀದಿಗೆಲ್ಲ ತೂತಿನ ಕಾಂಕ್ರೀಟು, ಇಲ್ಲದಿದ್ದರೆ ಹೊಂಗೆಯ ಕಥೆ ಮುಗಿದಂತೆ.

ಷಡಕ್ಷರಪ್ಪನವರು ಬಗ್ಗಿ ನೋಡಿದರು. ಕಾಂಕ್ರೀಟು ನಿನ್ನೆಯ ಹಾಗೆ ಬೂದಿ ಬಣ್ಣಕ್ಕಿರಲಿಲ್ಲ. ಹಸಿರಾಗಿತ್ತು, ನುಣ್ಣಗಿತ್ತು. ಮೇಲೆ ಅರ್ಧ ತೇಲಿಹೋದ ರಂಗೋಲಿ. ಆಮೇಲೆ ಮೂಗಿಗೂ ಸುದ್ದಿ ಮುಟ್ಟಿತು. ಸಗಣಿ. ಒಣಗದಿರಲೆಂದು ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ನಿನ್ನೆ ಸಂಜೆಯಷ್ಟೇ ತೆಗೆದಿದ್ದರು. ಕಿಟ್ಟದ ಪುಡಿಯ ಸ್ಯಾಂಪಲ್ ತರಲು ಮೊದಲ ಬಸ್ಸಿಗೆ ಭದ್ರಾವತಿಗೆ ಹೋಗಿ, ಬಸ್‌ಸ್ಟ್ಯಾಂಡಿನಿಂದ ಇಂಜಿನಿಯರ್ ಜೀಪಿನಲ್ಲೇ ಬರುವಷ್ಟರಲ್ಲಿ, ದೊಡ್ಡ ಮನುಷ್ಯರು ಬರುತ್ತಾರೆಂದು ದಾಕ್ಷಾಯಣಮ್ಮ ತೂತುಗಳನ್ನೆಲ್ಲ ತುಂಬಿ, ಒತ್ತಿ, ಅಚ್ಚುಕಟ್ಟಾಗಿ ಸಾರಿಸಿದ್ದರು. ಈಗ ಕಾಫಿ ಲೋಟ ಹಿಡಿದು, ಒಂದು ಒಳ್ಳೆ ಮಾತಿಗೆ ಕಾಯುತ್ತ ಬಾಗಿಲಲ್ಲಿ ನಿಂತಿದ್ದರು.

ಮಲ್ಲೇಶನಿಗೆ ಜೋರು ನೆಗಡಿ. ಜೀಪಿನಲ್ಲಿ ಕೇಳಿದ ತೂತಿನ ಪುರಾಣ ಅವನ ಕಟ್ಟಿದ ಕಿವಿಗೆ ಇಳಿದಿರಲಿಲ್ಲ. ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು, ನಿಂತ ನೀರನ್ನು ಬೂಟಿನ ತುದಿಯಿಂದ ತಟ್ಟಿದ.

“ಷಡಕ್ಷರಪ್ಪನವ್ರೇ, ಒಂದು ತೊಟ್ಟೂ ಇಳೀಲಿಲ್ಲ. ಫಸ್ಟ್ ಕ್ಲಾಸ್. ಹಿಂದಿನ ಕ್ರಾಸಲ್ಲಿ ರೋಡು ಬಿರುಕು ಬಿಟ್ಟು ನೀರು ಇಳೀತಿದೆ ಅಂತ ಜನ ನನ್ನ ತಲೆ ತಿಂತಿದಾರೆ.”

“ಸಾರ್, ಅದು ಏನಂದ್ರೆ...”

“ಬಣ್ಣಾನೂ ಚೆನ್ನಾಗಿದೆ. ಕಿಟ್ಟದ್ದಾ ಇದು?”

ಷಡಕ್ಷರಪ್ಪನವರು ರಜಾ ಚೀಟಿಯಲ್ಲೂ ಸುಳ್ಳು ಜ್ವರ ಬರೆದವರಲ್ಲ. ನಿಜ ಹೇಳಲೆಂದೇ ಬಾಯಿ ತೆರೆದರು. ಹೊಂಗೆ ಮರ ಕಣ್ಣಿಗೆ ಬಿತ್ತು.

“ಕಿಟ್ಟದ್ದೇ ಸಾರ್.”

“ಹಾಗಾದ್ರೆ ಇಡೀ ಬೀದಿಗೆ ಇದೇ ಮಾಲು ಹಾಕ್ಸೋಣ ಬಿಡಿ,” ಎಂದು ಮಲ್ಲೇಶ ಕಾಫಿ ಕುಡಿದು ಜೀಪು ಹತ್ತಿದ.

ಜೀಪು ತಿರುವು ದಾಟುವವರೆಗೆ ಕಾದು ಷಡಕ್ಷರಪ್ಪನವರು ಹೆಂಡತಿಯತ್ತ ತಿರುಗಿದರು. “ಏನೇ ಮಾರಾಯ್ತಿ, ನೀರು ಇಳೀಲಿ ಅಂತ್ಲೇ ಬಿಟ್ಟ ತೂತು ಅವು. ಹೊಂಗೆ ಬೇರಿಗೆ ನೀರು ಹೋಗೋ ದಾರಿ. ಅದಕ್ಕೇ ಸಗಣಿ ತುರುಕಿದೀಯಲ್ಲ.”

“ಇದನ್ನ ನನಗೆ ಯಾವಾಗ ಹೇಳಿದ್ರಿ?” ದಾಕ್ಷಾಯಣಮ್ಮ ಖಾಲಿ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದರು. “ಯಾಕ್ರೀ ಇಷ್ಟು ತೂತು ಅಂತ ಕೇಳಿದ್ರೆ, ಟೆಕ್ನಿಕಲ್ ವಿಷಯ, ನಿಂಗೆ ಅರ್ಥ ಆಗಲ್ಲ ಅಂದ್ರಿ. ಬೆಳಗ್ಗೆ ನೋಡಿದ್ರೆ ರಂಗೋಲಿ ಪುಡಿಯೆಲ್ಲ ಒಳಗೆ ಇಳಿದುಹೋಯ್ತು. ನಾನೇನು ಮಾಡ್ಲಿ?”

ಹೌದು, ಷಡಕ್ಷರಪ್ಪನವರು ಹಾಗೆಯೇ ಅಂದಿದ್ದರು. ಕ್ಷೌರದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೀದಿಯ ಗಂಡಸರನ್ನೆಲ್ಲ ಹಿಡಿದು ನಿಲ್ಲಿಸಿ ತೂತಿನ ಮಹಿಮೆ ಕೊರೆದಿದ್ದರು. ದಿನಾ ಬೆಳಗ್ಗೆ ಎದ್ದು ಮನೆ ಮುಂದಿನ ನೆಲಕ್ಕೆ ಕೈ ಹಾಕುವವರಿಗೆ ಮಾತ್ರ ಒಂದು ಮಾತು ಹೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಎದುರುಮನೆಯ ಬಂಗಾರಮ್ಮ ರಸ್ತೆ ದಾಟಿ ಬಂದು, ಸಾರಿಸಿದ ಕಡೆ ಕಾಲಿಟ್ಟು ನಿಂತರು. ಇಂಜಿನಿಯರ್ ಹೊಗಳಿದ್ದು ಅವರ ಕಿವಿಗೆ ಆಗಲೇ ಬಿದ್ದಿತ್ತು.

“ದಾಕ್ಷಾಯಣಕ್ಕ, ನಮ್ಮ ಮನೆ ಮುಂದೂ ಇದೇ ಹಾಕ್ತಾರಂತೆ. ಸಗಣಿ ಎಷ್ಟು ಗಟ್ಟಿ ಕಲಸಿದ್ರಿ? ಹಾಕಿದ ಮೇಲೆ ಬೀದಿಯವರೆಲ್ಲಾ ಹೀಗೇ ಸಾರಿಸೋಣ ಅಂತ ಮಾತಾಡ್ಕೊಂಡ್ವಿ.”

ಗೆದ್ದ ಬೀದಿಯೆಲ್ಲ ಸಗಣಿಯಲ್ಲಿ ಮುಚ್ಚಿಹೋಗುವುದು ಷಡಕ್ಷರಪ್ಪನವರ ಕಣ್ಣಿಗೆ ಕಟ್ಟಿತು. ಗಂಟಲು ಸರಿಮಾಡಿಕೊಂಡು, “ನೋಡಿ ಬಂಗಾರಮ್ಮ, ಇದರ ಹಿಂದೆ ಒಂದು ಟೆಕ್ನಿಕಲ್...” ಎನ್ನುತ್ತಿದ್ದಂತೆ ಬಂಗಾರಮ್ಮನ ನೋಟ ಆಗಲೇ ಪಕ್ಕದ ಮನೆಯ ಬಾಗಿಲ ಕಡೆ ಹೊರಟಿತ್ತು.

“ಸಾರಿಸಿ ಕೆಟ್ಟೆ ಬಂಗಾರಮ್ಮ,” ದಾಕ್ಷಾಯಣಮ್ಮ ನಡುವೆ ಬಾಯಿ ಹಾಕಿ ದನಿ ತಗ್ಗಿಸಿದರು. “ಈ ತೂತಲ್ಲಿ ಸಗಣಿ ಕೂತ್ರೆ ಚೇಳು ಹುಟ್ತವಂತೆ. ಇಂಜಿನಿಯರ್ರೇ ಹೇಳಿ ಹೋದ್ರು. ಈಗ ಎಲ್ಲಾ ಉಜ್ಜಿ ತೆಗೀಬೇಕು.”

“ಚೇಳಾ?”

“ಬುಟ್ಟಿಗಟ್ಟಲೆ.”

ಬಂಗಾರಮ್ಮ ಸೀರೆಯನ್ನು ಕಣಕಾಲಿನವರೆಗೆ ಎತ್ತಿಕೊಂಡು, ತುದಿಗಾಲಿನಲ್ಲಿ ರಸ್ತೆಗೆ ಹಾರಿದರು. ತಮ್ಮ ಮನೆಗೆ ಹೋಗಲಿಲ್ಲ. ಸುದ್ದಿ ಹೊತ್ತುಕೊಂಡು ಪಕ್ಕದ ಮನೆಯ ಗೇಟು ತೆಗೆದರು. ಅಲ್ಲಿಂದ ಅದರಾಚೆಯ ಮನೆಗೆ ಹೋಗುವುದರಲ್ಲಿ ಅನುಮಾನವಿರಲಿಲ್ಲ.

ದಾಕ್ಷಾಯಣಮ್ಮ ಒಳಗಿನಿಂದ ಗಟ್ಟಿ ಬ್ರಷ್ ತಂದು ಗಂಡನ ಕೈಗೆ ಕೊಟ್ಟರು. “ಉಜ್ಜಿ. ಇದರಲ್ಲಿ ಟೆಕ್ನಿಕಲ್ ಏನಿಲ್ಲ.”

ಷಡಕ್ಷರಪ್ಪನವರು ತೆಪ್ಪಗೆ ಪಂಚೆ ಮೇಲೆತ್ತಿ ಕಟ್ಟಿದರು. ಕುಕ್ಕರುಗಾಲಿನಲ್ಲಿ ಕೂರುವ ಮುಂಚೆ, ಹೆಂಡತಿ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದೊಂದೇ ಕಾಲೆತ್ತಿ ಚಪ್ಪಲಿಯ ಅಡಿಯಲ್ಲಿ ಚೇಳಿದೆಯೇ ಎಂದು ಪರೀಕ್ಷಿಸಿದರು.