ಕಲ್ಲು ಕರಗಿಸುವ ಪ್ರಾರ್ಥನೆ

ಸಭೆಯ ಹಿರಿಯರಾದ ಎಲೀಷಪ್ಪನವರ ಪ್ರಾರ್ಥನೆಗೆ ಕಲ್ಲೂ ಕರಗುತ್ತದೆ ಎಂದು ಚರ್ಚಿನಲ್ಲಿ ಹೆಸರಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವರು ಎಲೀಷಪ್ಪನವರೇ. ಹಾಸಿಗೆ ಹಿಡಿದಿದ್ದ ಯೋನಪ್ಪನ ಮನೆಗೆ ಪಾದ್ರಿಗಳು ಆಗಲೇ ಬಂದು ಹೋಗಿದ್ದಾರೆಂದು ಕೇಳಿ ಅವರಿಗೆ ನಗು ಬಂತು. ಆ ಪಾದ್ರಿಗಳ ಪ್ರಾರ್ಥನೆ ಎರಡು ಮಾತಿಗೆ ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ರೋಗಿಯ ಕಾಲು ಒತ್ತುತ್ತ ಕೂರುತ್ತಿದ್ದರು.

ಎಲೀಷಪ್ಪನವರು ಮಂಚದ ಪಕ್ಕ ನಿಂತು, ಕಣ್ಣು ಮುಚ್ಚಿ, ಲೋಕದ ಸೃಷ್ಟಿಯಿಂದಲೇ ಶುರು ಮಾಡಿದರು. ನೋಹನ ನಾವೆ ದಾಟಿ ಕೆಂಪು ಸಮುದ್ರದ ಹತ್ತಿರ ಬಂದಾಗ ಯೋನಪ್ಪನ ಹೆಂಡತಿ ತಬಿತಮ್ಮ ಮೆಲ್ಲಗೆ ಕರೆದಳು.

"ಅಣ್ಣಾರ, ಇವರಿಗೆ ಉಸಿರು ಕಟ್ಟಾಕತ್ತೈತ್ರಿ. ಎತ್ತಿ ಕುಂದರಸಬೇಕು, ಒಂಚೂರು ಕೈ ಹಚ್ಚರಿ."

"ಪ್ರಾರ್ಥನಿ ನಡುವ ಮಾತಾಡಬಾರದವ್ವಾ. ವಿಶ್ವಾಸ ಇಡು," ಎಂದು ಕಣ್ಣು ತೆರೆಯದೆಯೇ ಗದರಿದರು. ಹೃದಯದಲ್ಲಿ ಭಕ್ತಿ ಇಲ್ಲದವರಿಗೆ ಎಷ್ಟು ಹೇಳಿದರೇನು ಎಂದುಕೊಂಡು ದನಿ ಏರಿಸಿದರು.

ಸ್ವಲ್ಪ ಹೊತ್ತಿಗೆ ತಬಿತಮ್ಮ ಬಿಕ್ಕುವುದು ಕೇಳಿಸಿತು. ಕೊನೆಗೂ ಕರಗಿದಳು! ಎಲೀಷಪ್ಪನವರ ಎದೆ ಉಬ್ಬಿತು. ಅಕ್ಕಪಕ್ಕದ ಹೆಂಗಸರೂ ಓಡಿ ಬಂದರು, ಅವರೂ ಅತ್ತರು. ಪಾದ್ರಿಗಳು ಇದನ್ನು ನೋಡಬೇಕಿತ್ತು ಅನ್ನಿಸಿತು. ಆ ಹುರುಪಿನಲ್ಲಿ ಇನ್ನೂ ಒಂದಷ್ಟು ಕೀರ್ತನೆಗಳನ್ನು ಸೇರಿಸಿ, "ಈ ನಿನ್ನ ದಾಸನನ್ನು ಹಾಸಿಗೆಯಿಂದ ಎಬ್ಬಿಸು ಕರ್ತನೇ, ಆಮೆನ್" ಎಂದು ಮುಗಿಸಿ, ತೃಪ್ತಿಯಿಂದ ಕಣ್ಣು ತೆರೆದರು.

ಯೋನಪ್ಪನ ಕೈಗಳನ್ನು ಎದೆಯ ಮೇಲೆ ಜೋಡಿಸಿ, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿಯಾಗಿತ್ತು.