ಹೊಸ ಗ್ಲೌಸು

"ಗ್ಲೌಸ್ ತೆಗ್ಸುಕಾಗ ಮೇಡಂ. ಹೀಂಗೇ ಫೋಟೋ ತೆಗ್ದ್ ಮುಗ್ಸಿ" ಎಂದು ಮ್ಯಾನೇಜರ್ ರತ್ನಾಕರ ಕ್ಯಾಮೆರಾಕ್ಕೆ ಅಡ್ಡ ನಿಂತ. ಗೇರುಬೀಜ ಸುಲಿಯುವ ಹೆಂಗಸರ ಕೈಗೆ ಚಿಪ್ಪಿನ ಸೊನೆ ಏನು ಮಾಡುತ್ತದೆಂದು ದಾಖಲಿಸಲು ಬಂದ ಸಂಶೋಧನಾ ಸಹಾಯಕಿ ಸುರಕ್ಷಾ, ಕೂತ ಹೆಂಗಸರ ಸಾಲಿನುದ್ದಕ್ಕೂ ನೋಡಿದಳು. ಎಲ್ಲರ ಕೈಯಲ್ಲೂ ದಪ್ಪ ನೀಲಿ ಗ್ಲೌಸು. ಪ್ಯಾಕೆಟ್ಟಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ದಿನಾ ಹಾಕಂತ್ರ್ ಅಂದ್ರಿ ಅಲ್ದಾ? ಹಾಂಗಾರೆ ಕೆಲ್ಸ ಮಾಡ್ಲಿ. ನಾ ಇಲ್ಲೇ ಕೂಕಂಡ್ ಕಾಂತೆ." ಅವಳು ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತೇಬಿಟ್ಟಳು.

"ಕೂಕಣಿ" ಎಂದು ರತ್ನಾಕರ ನಕ್ಕ. ಮುಂದಿನ ಸಾಲಿನ ಗುಲಾಬಿ ಒಮ್ಮೆ ಸುರಕ್ಷಾಳ ಮುಖ ನೋಡಿದಳು. ಆಮೇಲೆ ಯಂತ್ರದ ಹಿಡಿ ಒತ್ತಿ ಚಿಪ್ಪು ಸೀಳಿ, ಆ ದಪ್ಪ ಬೆರಳುಗಳಲ್ಲೇ ತಿರುಳು ಎಳೆದಳು. ಲಟಕ್ಕನೆ ಎರಡು ಹೋಳಾಯಿತು. ಇನ್ನೊಂದು ಎತ್ತಿಕೊಂಡಳು, ಅದೂ ತುಂಡು. ಪಕ್ಕದವಳದೂ ತುಂಡು, ಅವಳಾಚೆಯವಳದೂ ತುಂಡು. ಇಡೀ ಬೀಜದ ಬುಟ್ಟಿಗಳು ಖಾಲಿ ಕೂತಿದ್ದರೆ ನುಚ್ಚಿನ ಬುಟ್ಟಿಗಳು ತುಂಬುತ್ತ ಬಂದವು. ಒಬ್ಬಳೂ ತಲೆ ಎತ್ತಲಿಲ್ಲ, ಒಬ್ಬಳೂ ಕೈ ನಿಲ್ಲಿಸಲಿಲ್ಲ. ರತ್ನಾಕರನ ನಗು ಆಗಲೇ ಆರಿತ್ತು. ಸುರಕ್ಷಾ ಡಬ್ಬದ ಮೇಲಿಂದ ಅಲುಗಲಿಲ್ಲ.

"ಹ್ವಾಯ್, ಸಾಕ್ ಮಾಡಿ! ಬೀಜ ಎಲ್ಲ ಹಾಳಾಯ್ತ್! ಆ ಗ್ಲೌಸ್ ಬಿಸಾಡಿ!" ಎಂದು ಕೊನೆಗೆ ಅವನೇ ಕಿರುಚಿದ.

ಗುಲಾಬಿ ಅವಸರವಿಲ್ಲದೆ ಗ್ಲೌಸು ಕಳಚಿದಳು. ಸೊನೆಗೆ ಸುಟ್ಟು, ಚರ್ಮ ಸುಲಿದು ಕಪ್ಪಿಟ್ಟ ಎರಡೂ ಅಂಗೈಗಳನ್ನು ಕ್ಯಾಮೆರಾದ ಮುಂದೆ ಅಗಲಕ್ಕೆ ಬಿಡಿಸಿ ಹಿಡಿದಳು.

"ಸಾಹೇಬ್ರೇ ಹೇಳ್ರ್ ಅಲ್ದಾ ಮಗಾ. ತೆಗಿ ಫೋಟೋ."